ಹಾಳಿಯೊಳಗಿನ ಇಲಿ ಬಿಲ: ಮಳೆ ಹಿಡಿಯುವ ಮೊದಲೇ ಮುಚ್ಚಿ

ಶಿರಸಿ: ಕೊಯ್ಲು ಮುಗಿದ ಮೇಲೆ ಗದ್ದೆ ಕಡೆ ಓಡಾಟ ಕಡಿಮೆ. ಇಲಿ, ಹೆಗ್ಗಣಗಳಿಗೆ ಅದೇ ಅನುಕೂಲ. ಭತ್ತ ಹಣ್ಣಾಗುವಾಗ ತೆನೆ ಕಡಿದು ಬಿಲಕ್ಕೆ ಒಯ್ದು, ಚಳಿಗಾಲದಲ್ಲಿ ಹಾಳಿಯೊಳಗೇ ಸಂಸಾರ ಹೂಡುತ್ತವೆ. ಜೂನ್‌ನಲ್ಲಿ ಗದ್ದೆಗೆ ನೀರು ಕಟ್ಟಿದಾಗ ಆ ಬಿಲದಲ್ಲೇ ನೀರು ಸೋರಿ ಹಾಳಿ ಒಡೆಯುತ್ತದೆ. ಮೇಲಿನವರ ಗೊಬ್ಬರ ತೊಳೆದು ಹೋಗುತ್ತದೆ, ಕೆಳಗಿನವರ ಸಸಿ ಮಣ್ಣಲ್ಲಿ ಹೂಳುತ್ತದೆ. ಬನವಾಸಿ, ಕಿರವತ್ತಿಯ ಗದ್ದೆ ಇರಲಿ, ಸಿದ್ದಾಪುರ ಕಡೆಯ ಅಡಿಕೆ ತೋಟದ ಕಾದಿಗೆ ದಂಡೆ ಇರಲಿ, ಪಾಡು ಒಂದೇ.

ಬಿಲದಲ್ಲಿ ಇಲಿ ಇದೆಯೇ?
ಸಂಜೆ ಎಲ್ಲ ಬಿಲಗಳ ಬಾಯಿ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ಮತ್ತೆ ತೆರೆದುಕೊಂಡಿದ್ದರೆ ಅಲ್ಲಿ ಇಲಿ ಇದೆ ಎಂದರ್ಥ. ಹೊಸ ಮಣ್ಣಿನ ಗುಡ್ಡೆ ಬಿದ್ದಿದ್ದರೂ ಹಾಗೆಯೇ. ಮೊದಲು ಅಲ್ಲಿ ಬೋನು ಇಡಿ, ಆಮೇಲೆ ದುರಸ್ತಿ.

ದುರಸ್ತಿ ಹೇಗೆ?
ಬಾಯಿಗೆ ಕಲ್ಲು ತುರುಕಿದರೆ ಸಾಲದು, ಒಳಗಿನ ಪೊಳ್ಳು ಹಾಗೇ ಉಳಿಯುತ್ತದೆ. ಬಿಲ ಹೋದ ದಾರಿಯುದ್ದಕ್ಕೂ ಅಗೆದು ತೆಗೆಯಬೇಕು. ಜಿಗುಟು ಮಣ್ಣಿಗೆ ಸ್ವಲ್ಪ ನೀರು ಹಾಕಿ, ನಾಲ್ಕು ಬೆರಳು ದಪ್ಪ ತುಂಬಿ ಬಡಿದು, ಮತ್ತೆ ತುಂಬಿ ಬಡಿಯಬೇಕು. ಅಗಲವಾದ ಹಾಳಿ ಇಲಿಗೆ ಒಳ್ಳೆ ಮನೆ. ಹಾಗಾಗಿ ಓಡಾಟಕ್ಕೆ ಬೇಕಾದಷ್ಟೇ ಇಟ್ಟು ಉಳಿದದ್ದನ್ನು ಕಡಿದು, ಹುಲ್ಲು ಹೆರೆದಿಡಿ. ಒಬ್ಬರೇ ಮಾಡಿದರೆ ಪಕ್ಕದ ಹಾಳಿಯಿಂದ ಮತ್ತೆ ಬರುತ್ತವೆ. ಬಯಲಿನವರೆಲ್ಲ ಒಂದೇ ವಾರದಲ್ಲಿ ಮಾಡಿದರೆ ಮಾತ್ರ ಪ್ರಯೋಜನ.

ವಿಷದ ವಿಚಾರ
ಝಿಂಕ್ ಫಾಸ್ಫೈಡ್ ಕಪ್ಪು ಪುಡಿಗೆ ಪ್ರತಿವಿಷ ಇಲ್ಲ. ತೇವ ತಾಗಿದರೆ ವಿಷಾನಿಲ ಬಿಡುತ್ತದೆ, ಬರಿಗೈಯಲ್ಲಿ ಮುಟ್ಟಬಾರದು. ಅಂಗಡಿಯವರು ಇದನ್ನು ದಿನಸಿಯ ಹತ್ತಿರ ಇಡಬಾರದು, ಬಿಡಿಯಾಗಿ ಪೊಟ್ಟಣ ಕಟ್ಟಿ ಕೊಡಬಾರದು. ವಿಷ ತಿಂದು ಸತ್ತ ಇಲಿಯನ್ನು ತಿಂದರೆ ನಾಯಿ, ಬೆಕ್ಕು, ಗೂಬೆಗಳಿಗೂ ಅಪಾಯ. ಸತ್ತದ್ದನ್ನು ಆಳವಾಗಿ ಹೂಳಿ. ಬೇಕಾದ ಸಲಹೆ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ.

ಕೇರೆ ಹಾವು ಕಂಡರೆ ಹೊಡೆಯಬೇಡಿ. ಇಲಿ ಹಿಡಿಯಲು ಅದಕ್ಕಿಂತ ಒಳ್ಳೆ ಆಳು ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ.

ಇಲಿ ಜ್ವರ
ಇಲಿಯ ಮೂತ್ರ ಸೇರಿದ ಕೆಸರು, ನೀರು ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು. ಬಿಲ ಅಗೆಯುವಾಗ ಗಮ್ ಬೂಟು, ಕೈಗವಸು ಇರಲಿ. ಆಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ನುಂಗಿ ಸುಮ್ಮನಿರದೆ ಆಸ್ಪತ್ರೆಗೆ ಹೋಗಿ, ಗದ್ದೆಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಿಳಿಸಿ.