ಕೊಟ್ಟಿಗೆ, ಬಾವಿ ಮತ್ತು ಮಲೇರಿಯಾದ ಸಮೀಕರಣ: ಎಮ್ಮೆದೊಡ್ಡಿ ಸೀಮೆಯ ನೆಲೆಯಿಂದ

ಕಡೂರಿನ ಕಡೆಯ ಎಮ್ಮೆದೊಡ್ಡಿ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಕುರುಚಲು ಕಾಡು, ಮದಗದಕೆರೆ, ಅಮೃತಮಹಲ್ ಕಾವಲು, ಎತ್ತ ನೋಡಿದರೂ ದನ. ಮಲೇರಿಯಾ ನಿರ್ಮೂಲನದ ಗಣಿತ ಮಾದರಿಯನ್ನು ಇಂಥ ಸೀಮೆಗೆ ಅನ್ವಯಿಸುವಾಗ ಸೊಳ್ಳೆಯ ಎಣಿಕೆಗಿಂತ ದನದ ಎಣಿಕೆಗೆ ಹೆಚ್ಚು ಬೆಲೆ ಕೊಡಬೇಕೆಂಬುದು ಈ ಲೇಖನದ ವಾದ.

1883ರಲ್ಲಿ ಬೆಂಗಳೂರಿನ ಬಂಗಲೆಯೊಂದರಲ್ಲಿದ್ದ ರೊನಾಲ್ಡ್ ರಾಸ್, ಪೀಪಾಯಿಯ ನೀರು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುವುದನ್ನು ಕಂಡುಕೊಂಡಿದ್ದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಅವರಿಗೆ ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಮುಂದೆ ಅದನ್ನು ಗಣಿತಕ್ಕೆ ಇಳಿಸಿ, ಸೊಳ್ಳೆಯನ್ನು ಪೂರ್ತಿ ಅಳಿಸಬೇಕಿಲ್ಲ, ಒಂದು ಮಿತಿಯಿಂದ ಕೆಳಗಿಳಿಸಿದರೆ ರೋಗ ತಾನೇ ನಂದುತ್ತದೆ ಎಂದು ತೋರಿಸಿದರು. 1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಇದಕ್ಕೆ ಸೊಳ್ಳೆಯ ಆಯುಸ್ಸನ್ನು ಸೇರಿಸಿದರು. ರೋಗಾಣು ಸೊಳ್ಳೆಯೊಳಗೆ ಬಲಿಯಲು ಹತ್ತು ದಿನ ಬೇಕೆನ್ನೋಣ. ದಿನಕ್ಕೆ ನೂರರಲ್ಲಿ ತೊಂಬತ್ತು ಸೊಳ್ಳೆ ಬದುಕುಳಿದರೆ ಹತ್ತು ದಿನ ದಾಟುವವು ಮೂವತ್ತೈದು. ಎಂಬತ್ತು ಉಳಿದರೆ ಹನ್ನೊಂದೇ. ಆ ಬಳಿಕ ಬದುಕುವ ದಿನಗಳೂ ತಗ್ಗುವುದರಿಂದ ಪ್ರಸರಣ ಸುಮಾರು ಏಳು ಪಟ್ಟು ಇಳಿಯುತ್ತದೆ. ಮರಿಹುಳು ಕೊಂದು ಸೊಳ್ಳೆಯ ಸಂಖ್ಯೆಯನ್ನು ಅರ್ಧ ಮಾಡಿದರೆ ಪ್ರಸರಣವೂ ಅರ್ಧ, ಅಷ್ಟೆ. 1946ರಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಡಿ.ಕೆ. ವಿಶ್ವನಾಥನ್ ಬೆಳೆದ ಸೊಳ್ಳೆಯನ್ನೇ ಕೊಲ್ಲುವ ಡಿಡಿಟಿಯನ್ನು ಮನೆಯ ಗೋಡೆಗೆ ಹೊಡೆಸಿ ಪಡೆದ ಫಲಕ್ಕೆ ಗಣಿತದ ವಿವರಣೆ ಹೀಗೆ ಆಮೇಲೆ ದೊರೆಯಿತು. ಕೆಲಸ ಮುಂದೆ, ಸೂತ್ರ ಹಿಂದೆ. ಈ ಕ್ಷೇತ್ರದಲ್ಲಿ ಇದು ಅಪರೂಪವೇನಲ್ಲ.

ಎಮ್ಮೆದೊಡ್ಡಿಗೆ ಹೆಚ್ಚು ಸಲ್ಲುವುದು ಅದೇ ಸಮೀಕರಣದ ಇನ್ನೊಂದು ಅಂಶ. ರೋಗ ದಾಟಬೇಕಾದರೆ ಒಂದೇ ಸೊಳ್ಳೆ ಮನುಷ್ಯರನ್ನು ಎರಡು ಸಲ ಕಚ್ಚಬೇಕು: ಒಮ್ಮೆ ರೋಗಾಣು ಹೀರಲು, ಇನ್ನೊಮ್ಮೆ ಕೊಡಲು. ಹಾಗಾಗಿ ಮನುಷ್ಯನಿಗೆ ಬೀಳುವ ಕಡಿತದ ಪಾಲು ಸಮೀಕರಣದಲ್ಲಿ ವರ್ಗವಾಗಿ ಬರುತ್ತದೆ. ಪಾಲು ಅರ್ಧವಾದರೆ ಪ್ರಸರಣ ಕಾಲು ಭಾಗ. ಬಯಲಿನ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಹೆಚ್ಚಾಗಿ ದನದ ರಕ್ತ ಹೀರಿ ಕೊಟ್ಟಿಗೆಯಲ್ಲೇ ಕೂರುವ ಸೊಳ್ಳೆ. ತೊರೆಯ ಸೊಳ್ಳೆಯಾದ ಫ್ಲುವಿಯಾಟಿಲಿಸ್‌ನ ಒಳಬಗೆಗಳಲ್ಲಿ ‘ಎಸ್’ ಮನುಷ್ಯನನ್ನು ಹುಡುಕಿ ಬರುತ್ತದೆ, ‘ಟಿ’ ದನವನ್ನು. ಕಣ್ಣಿಗೆ ಎರಡೂ ಒಂದೇ. ಬಗೆ ತಿಳಿಯದೆ ಮಾಡಿದ ಎಣಿಕೆಯನ್ನು ಮಾದರಿಗೆ ಉಣಿಸಿದರೆ ಬರುವ ಉತ್ತರ ನಂಬುವಂಥದ್ದಲ್ಲ.

ಹಾಗೆಂದು ದನ ಕಟ್ಟಿಕೊಂಡರೆ ರೋಗ ದೂರ ಎಂದು ಹೊರಡುವುದು ಆತುರವಾದೀತು. ಹೆಚ್ಚು ದನವೆಂದರೆ ಸೊಳ್ಳೆಗೆ ಹೆಚ್ಚು ಆಹಾರ. ಮನುಷ್ಯನ ಪಾಲು ಅರ್ಧಕ್ಕಿಳಿದು ಸೊಳ್ಳೆ ನಾಲ್ಕು ಪಟ್ಟಾದರೆ ಲಾಭ ಸೊನ್ನೆ. ಮಲಗುವ ಕೋಣೆಗೆ ಅಂಟಿಕೊಂಡೇ ಕೊಟ್ಟಿಗೆ ಇದ್ದರಂತೂ ಕೊಟ್ಟಿಗೆಗೆ ಬಂದ ಸೊಳ್ಳೆಗೆ ಮನೆಯವರೂ ಸಿಗುತ್ತಾರೆ. ಟ್ರ್ಯಾಕ್ಟರ್ ಬಂದು ಎತ್ತು ಮಾರಿದ ಊರಿನಲ್ಲಿ ಲೆಕ್ಕ ಮತ್ತೆ ಬೇರೆ. ದನದ ಸಂಖ್ಯೆಯ ಜೊತೆಗೆ ಕೊಟ್ಟಿಗೆ ಇರುವ ಜಾಗವನ್ನೂ ಗುರುತಿಸಿಕೊಳ್ಳಬೇಕು.

ಬಾವಿಯ ವಿಷಯದಲ್ಲಿ ಕೋಲಾರ ಜಿಲ್ಲೆಯ ಕಾಮಸಮುದ್ರದ ಅನುಭವ ನೆರವಿಗೆ ಬರುತ್ತದೆ. ರೇಷ್ಮೆ ಸಾಕುವ ಆ ಊರುಗಳಲ್ಲಿ ಕೀಟನಾಶಕ ಹೊಡೆದರೆ ಹುಳುವೂ ಸಾಯುತ್ತದೆ. ಆದ್ದರಿಂದ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಮರಿಹುಳು ತಿನ್ನುವ ಗಪ್ಪಿ ಮೀನು ಬಿಟ್ಟರು. ರೋಗ ಹರಡುವ ‘ಎ’ ಬಗೆಯ ಕ್ಯುಲಿಸಿಫೇಸಿಸ್ ಬಾವಿಯಲ್ಲೇ ಹೆಚ್ಚು, ಹರಡದ ‘ಬಿ’ ತೊರೆಯಲ್ಲಿ. ಹೀಗಾಗಿ ಮೀನು ತಕ್ಕ ಜಾಗಕ್ಕೇ ಬಿತ್ತು. ಮರಿಹುಳು ನಿಯಂತ್ರಣವನ್ನು ಕೀಳಾಗಿ ಕಾಣುವ ಮ್ಯಾಕ್‌ಡೊನಾಲ್ಡ್ ಲೆಕ್ಕಕ್ಕೆ ಇಲ್ಲೊಂದು ತಿದ್ದುಪಡಿ ಬೇಕು. ಕೊಳವೆಬಾವಿ ಬಂದ ಮೇಲೆ ಪಾಳು ಬಿದ್ದು, ಮಳೆಗಾಲದಲ್ಲಷ್ಟೇ ನೀರು ನಿಲ್ಲುವ ಹಳೆಯ ಬಾವಿಗಳು ಕಡೂರಿನ ಕಡೆ ಈ ದೃಷ್ಟಿಯಿಂದ ಪರೀಕ್ಷೆಗೆ ಯೋಗ್ಯ. ಬೇಸಿಗೆಯಲ್ಲಿ ಬತ್ತುವ ಬಾವಿಗೆ ಮೀನನ್ನು ವರ್ಷವರ್ಷವೂ ಬಿಡಬೇಕಾಗುತ್ತದೆ.

2030ರ ರಾಷ್ಟ್ರೀಯ ನಿರ್ಮೂಲನ ಗುರಿ ಹತ್ತಿರವಾದಂತೆ ಸರಾಸರಿಯ ಗಣಿತಕ್ಕಿಂತ ಬಿಡಿ ರೋಗಿಯ ಗಣಿತ ಮುಖ್ಯವಾಗುತ್ತದೆ. ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರೊಬ್ಬರು ಜ್ವರ ಹೊತ್ತು ಊರಿಗೆ ಮರಳಿದರೆಂದುಕೊಳ್ಳಿ. ಪ್ರಸರಣ ಸಂಖ್ಯೆ, ಅಂದರೆ ಒಬ್ಬ ರೋಗಿಯಿಂದ ನೇರವಾಗಿ ರೋಗ ತಗಲುವವರ ಸರಾಸರಿ, 0.5 ಇದ್ದರೆ ಸರಪಳಿ ಮುಗಿಯುವಷ್ಟರಲ್ಲಿ ಅವರನ್ನೂ ಸೇರಿಸಿ ಸರಾಸರಿ ಇಬ್ಬರಿಗೆ ರೋಗ, 0.9 ಇದ್ದರೆ ಹತ್ತು ಮಂದಿಗೆ. ಎರಡರಲ್ಲೂ ಸಂಖ್ಯೆ ಒಂದಕ್ಕಿಂತ ಕಡಿಮೆಯೇ. ಆರೋಗ್ಯ ಕಾರ್ಯಕರ್ತೆಯ ಕೆಲಸ ಮಾತ್ರ ಐದು ಪಟ್ಟು. ವೈವ್ಯಾಕ್ಸ್ ಬಗೆಯ ಮಲೇರಿಯಾ ಆದರೆ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ನಂತರವೂ ಮರುಕಳಿಸುತ್ತದೆ. ಅದನ್ನು ತೊಡೆಯುವ ಹದಿನಾಲ್ಕು ದಿನದ ಪ್ರೈಮಾಕ್ವಿನ್ ಮಾತ್ರೆಯನ್ನು ಜ್ವರ ಬಿಟ್ಟೊಡನೆ ನಿಲ್ಲಿಸಿದವರ ಪಾಲೆಷ್ಟು ಎಂಬ ಸಂಖ್ಯೆಯೂ ಆಗ ದನ, ಬಾವಿಗಳ ಜೊತೆಗೆ ಮಾದರಿಯೊಳಗೆ ಬರಬೇಕಾಗುತ್ತದೆ.