ಧಾತು ಈಶ್ವರದ ಲೆಕ್ಕ

ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಜ್ಜಿ ಗದರುತ್ತಿದ್ದಳು: 'ಧಾತು ಈಶ್ವರ ಕಂಡಿದ್ರೆ ಗೊತ್ತಾಗ್ತಿತ್ತು ನಿಂಗೆ.' ಯಾವುದೋ ಉಗ್ರ ದೇವರ ಹೆಸರೆಂದುಕೊಂಡಿದ್ದೆ. ಮೈಸೂರು ಸಂಸ್ಥಾನದ ಹಣಕಾಸಿನ ಬಗ್ಗೆ ಸಂಶೋಧನೆಗೆ ಕೂತ ಮೇಲೆ ತಿಳಿಯಿತು, ಅದು ಬೆನ್ನಿಗೆ ಬೆನ್ನು ಬಂದ ಎರಡು ಸಂವತ್ಸರಗಳ ಹೆಸರು. 1876ರಿಂದ 1878ರವರೆಗಿನ ಭೀಕರ ಬರವನ್ನು ಜನ ನೆನಪಿಟ್ಟುಕೊಂಡದ್ದು ಹಾಗೆ. ಅಜ್ಜಿಯೂ ಅದನ್ನು ಕಂಡವಳಲ್ಲ. ಅವಳಿಗೂ ಅದು ಅವಳ ಅಜ್ಜಿಯಿಂದ ಬಂದ ಮಾತು.

ಸರ್ಕಾರ ಅದೇ ಬರವನ್ನು ಬೇರೆ ಭಾಷೆಯಲ್ಲಿ ನೆನಪಿಟ್ಟುಕೊಂಡಿತು. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1799ರ ಒಪ್ಪಂದದಂತೆ ಸಂಸ್ಥಾನ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ಕೊಡಬೇಕಿತ್ತು. ವಾರ್ಷಿಕ ಆದಾಯ ಸುಮಾರು ಒಂದು ಕೋಟಿ. ರೈತ ಕಟ್ಟಿದ ಕಂದಾಯವೂ ಸೇರಿದಂತೆ ಬೊಕ್ಕಸಕ್ಕೆ ಬಂದ ಪ್ರತಿ ನಾಲ್ಕು ರೂಪಾಯಿಯಲ್ಲಿ ಒಂದು ಹೀಗೆ ಹೊರಗೆ ಹೋಗುತ್ತಿತ್ತು. ಆದರೂ ಬರಕ್ಕೆ ಮುಂಚೆ ಬೊಕ್ಕಸದಲ್ಲಿ 63 ಲಕ್ಷ ಉಳಿತಾಯವಿತ್ತು.

ರೈತನ ಉಳಿತಾಯ ಇದ್ದದ್ದು ಹಗೇವಿನಲ್ಲಿ. ನೆಲದಡಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಮಳೆಗಾಲ ಕೈಕೊಟ್ಟರೆ ಅದೇ ಆಸರೆ. ಮಳೆ ಮತ್ತೆ ಮತ್ತೆ ಕೈಕೊಟ್ಟಾಗ ಹಗೇವು ಬರಿದಾಯಿತು. ಗಂಜಿಕೇಂದ್ರಗಳು ತೆರೆದವು, ಪರಿಹಾರದ ಕಾಮಗಾರಿಗಳಲ್ಲಿ ಜನ ಮಣ್ಣು ಹೊತ್ತರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಹಾದಿಯ ಕೆಲಸ ಶುರುವಾದದ್ದೂ ಹೀಗೆ ಬರದ ಕಾಮಗಾರಿಯಾಗಿಯೇ.

ಬರ ಮುಗಿದಾಗ ಬೊಕ್ಕಸದ 63 ಲಕ್ಷ ಕರಗಿತ್ತು. ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ಸಾಲ ಬಿದ್ದಿತ್ತು. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ 41.9 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದು ಭಾಗಿಸಿ ನೋಡಿದೆ. ಕೂಸಿನಿಂದ ಮುದುಕರವರೆಗೆ ತಲೆಗೆ ಸುಮಾರು ಎರಡು ರೂಪಾಯಿ ಸಾಲ. ಸತ್ತವರ ಪಾಲನ್ನೂ ಬದುಕಿ ಉಳಿದವರೇ ತೀರಿಸಬೇಕಿತ್ತು. ಸಾಲ ಮಾಡುವಾಗ ಅವರನ್ನು ಕೇಳಿದವರಿರಲಿಲ್ಲ.

1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ಜೊತೆಗೆ ಸಾಲವೂ ಬಂತು, ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಬಂತು. ಬರದಿಂದ ಸೊರಗಿದ ರಾಜ್ಯವೆಂದು ಆ ಹೆಚ್ಚಳವನ್ನು ಮೊದಲು ಐದು ವರ್ಷ, ಆಮೇಲೆ ಇನ್ನೂ ಹತ್ತು ವರ್ಷ ಮುಂದೂಡಿದರು. ದಿವಾನ್ ರಂಗಾಚಾರ್ಲು ಖರ್ಚಿಗೆ ಕತ್ತರಿ ಹಾಕಿದರು. ಎಂಟು ಜಿಲ್ಲೆಗಳು ಆರಾದವು. ಹಾಸನ, ಚಿತ್ರದುರ್ಗ ಕೆಲವು ವರ್ಷ ಜಿಲ್ಲೆಯ ಪಟ್ಟ ಕಳೆದುಕೊಂಡವು. ಬೊಕ್ಕಸಕ್ಕೆ ಅದು ಉಳಿತಾಯ. ಅರ್ಜಿ ಹಿಡಿದು ಹೊರಟವನಿಗೆ ಕಚೇರಿ ಇನ್ನಷ್ಟು ದೂರವಾಯಿತು.

ಅದೇ ರಂಗಾಚಾರ್ಲು ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಸಮಯದಲ್ಲಿ, ಪ್ರಜಾಪ್ರತಿನಿಧಿ ಸಭೆ ಕರೆದರು. 144 ಮಂದಿ ರೈತರು, ವರ್ತಕರು ಸೇರಿದ್ದ ಆ ಸಭೆಯ ಮುಂದೆ ಸರ್ಕಾರದ ಆದಾಯ, ವೆಚ್ಚಗಳನ್ನು ಇಟ್ಟರು. ಸದಸ್ಯರು ಕೇಳಬಹುದಿತ್ತು, ಕಷ್ಟ ಹೇಳಿಕೊಳ್ಳಬಹುದಿತ್ತು. ಬಜೆಟ್ಟಿನ ಒಂದು ರೂಪಾಯಿಯನ್ನೂ ಬದಲಿಸುವಂತಿರಲಿಲ್ಲ. ಇದನ್ನು ಪ್ರಜಾಪ್ರಭುತ್ವದ ಉದಯವೆಂದು ಹೊಗಳುವವರಿದ್ದಾರೆ, ಬರೀ ದರ್ಬಾರಿನ ಅಲಂಕಾರವೆಂದು ತಳ್ಳಿಹಾಕುವವರೂ ಇದ್ದಾರೆ. ನನಗೆ ಕಾಣುವುದಿಷ್ಟು: ತೀರಿಸಬೇಕಾದವರ ಎದುರು ಲೆಕ್ಕ ಓದಬೇಕು ಎಂದು ರಾಜ್ಯಕ್ಕೆ ಅನ್ನಿಸಿದ್ದು ಬೊಕ್ಕಸ ಬರಿದಾಗಿದ್ದ ಹೊತ್ತಿನಲ್ಲಿ.

ಮುಂದೆ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕಂದಾಯ ಸುಧಾರಿಸಿತು, ಕೋಲಾರದ ಚಿನ್ನದ ರಾಜಧನ ಬಂತು, ಬೊಕ್ಕಸ ಮತ್ತೆ ತುಂಬಿತು. ನನ್ನ ಪ್ರಬಂಧದ ಆ ಅಧ್ಯಾಯಕ್ಕೆ 'ಚೇತರಿಕೆ' ಎಂದು ಹೆಸರಿಟ್ಟಿದ್ದೆ. ಕರಡು ಓದಿದ ನನ್ನ ಮಾರ್ಗದರ್ಶಕರು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದರು: 'ಯಾರದು?'

ಉತ್ತರಕ್ಕಾಗಿ 1891ರ ಜನಗಣತಿ ತೆರೆದೆ. 49.4 ಲಕ್ಷ. ಇಪ್ಪತ್ತು ವರ್ಷ ಕಳೆದರೂ ಮೈಸೂರಿನ ಜನಸಂಖ್ಯೆ 1871ರಲ್ಲಿದ್ದಷ್ಟು ಆಗಿರಲಿಲ್ಲ. ಬೊಕ್ಕಸ ಜನರಿಗಿಂತ ಬೇಗ ಚೇತರಿಸಿಕೊಂಡಿತ್ತು. ಅಧ್ಯಾಯದ ಹೆಸರನ್ನು 'ಬೊಕ್ಕಸದ ಚೇತರಿಕೆ' ಎಂದು ತಿದ್ದಿದ್ದೇನೆ. ಇನ್ನೊಂದು ಲೆಕ್ಕವನ್ನು ನಮ್ಮ ಮನೆಯಲ್ಲಿ ಅಜ್ಜಿ ಊಟದ ತಟ್ಟೆಯ ಮುಂದೆ ಇಟ್ಟುಕೊಂಡು ಬಂದಿದ್ದಳು.