ಥರ್ಮಲ್ ಅಂಡ್ ಎ ಕ್ವಾರ್ಟರ್

ಬೆಂಗಳೂರಿನ ರಾಕ್ ವಾದ್ಯತಂಡ. 1996ರಲ್ಲಿ ಕ್ರೈಸ್ಟ್ ಕಾಲೇಜಿನ ಗೆಳೆಯರು ಕಟ್ಟಿದ್ದು. ಮೂಲ ಸದಸ್ಯರಲ್ಲಿ ಮೂವರು ಮಲಯಾಳಿಗಳು, ಇನ್ನೊಬ್ಬರು ಕಾಲು ಭಾಗ ಮಲಯಾಳಿ ಎಂಬ ಕಾಲೇಜು ಹುಡುಗರ ತಮಾಷೆಯೇ ('ತ್ರೀ ಮಲ್' ಎಂಬುದು 'ಥರ್ಮಲ್' ಆಗಿ) ಹೆಸರಾಗಿ ನಿಂತಿತು. ಗಿಟಾರ್ ನುಡಿಸುತ್ತ ಹಾಡುವ ಬ್ರೂಸ್ ಲೀ ಮಣಿ, ಡ್ರಮ್ಸ್ ವಾದಕ ರಾಜೀವ್ ರಾಜಗೋಪಾಲ್ ಆರಂಭದಿಂದ ಉಳಿದುಬಂದವರು; ಬೇಸ್ ಗಿಟಾರ್ ಮೊದಲಿಗೆ ಋಡ್ ಡೇವಿಡ್ ಅವರದಾಗಿದ್ದು, ಮುಂದೆ ಬೇರೆಯವರ ಕೈಗೆ ಬಂದಿತು.

ಬ್ಲೂಸ್, ಜಾಜ್, ಫಂಕ್ ಮೂರೂ ಬೆರೆತ ತಮ್ಮ ಶೈಲಿಗೆ ತಂಡದವರೇ ಇಟ್ಟ ಹೆಸರು 'ಬೆಂಗಳೂರು ರಾಕ್'. ಹಾಡುಗಳು ಇಂಗ್ಲಿಷಿನವು. ಕನ್ನಡ ಕೇಳುಗರು ಇವರನ್ನು ಹೆಚ್ಚು ಗಮನಿಸದಿರಲು ಅದೂ ಒಂದು ಕಾರಣವಿರಬೇಕು. ಆದರೆ ವೇದಿಕೆಯ ಮೇಲೆ ಇವರು ಹಾಡಿನ ಚೌಕಟ್ಟು ಸಡಿಲಿಸಿ, ಒಬ್ಬರ ಲಯಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತ ಬೆಳೆಸುವ ಕ್ರಮ ನಮಗೆ ಹೊಸದೇನಲ್ಲ. ಕುಕನೂರು, ಗದಗ ಸೀಮೆಯ ಅಹೋರಾತ್ರಿ ಭಜನೆಯಲ್ಲಿ ಒಂದೇ ತತ್ವಪದ ಹಿಗ್ಗುತ್ತ ಹೋಗುವುದನ್ನು ಕೇಳಿದವರಿಗೆ ಇದು ಬೇಗ ತಿಳಿಯುತ್ತದೆ. ಅಮೆರಿಕದ ರಾಕ್ ಸಂಗೀತದಲ್ಲಿ ಹಾಡನ್ನು ಹೀಗೆ ಹಿಗ್ಗಿಸುವ ಪರಂಪರೆಯನ್ನು ಗಟ್ಟಿಗೊಳಿಸಿದವು 1965ರಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ಮತ್ತು 1969ರಲ್ಲಿ ಹುಟ್ಟಿದ ಆಲ್‌ಮನ್ ಬ್ರದರ್ಸ್ ತಂಡಗಳು. ಆಲ್‌ಮನ್ ತಂಡ 1971ರಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ಧ್ವನಿಮುದ್ರಿಸಿದ ಒಂದು ಹಾಡು ಇಪ್ಪತ್ತು ನಿಮಿಷ ದಾಟಿ, ರೆಕಾರ್ಡಿನ ಇಡೀ ಒಂದು ಮಗ್ಗುಲನ್ನೇ ಹಿಡಿಯಿತು. ಅದೇ ತಂಡದಲ್ಲಿ ಮುಂದೆ ನುಡಿಸಿದ ಡೆರೆಕ್ ಟ್ರಕ್ಸ್ ಅವರ ಸ್ಲೈಡ್ ಗಿಟಾರಿನಲ್ಲಿ ಅಲಿ ಅಕ್ಬರ್ ಖಾನರ ಸರೋದಿನ ಮೀಂಡು ಕೇಳಿಸುತ್ತದೆ. ಹಾಗಾಗಿ ಪೂರ್ವ, ಪಶ್ಚಿಮಗಳ ನಡುವಿನ ಸಾಲ ಒಂದೇ ಕಡೆಯದಲ್ಲ.

ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಕಾಲೇಜು ಸ್ಪರ್ಧೆ, ಪಬ್ಬುಗಳಲ್ಲೆಲ್ಲ ಪಾಶ್ಚಾತ್ಯರ ಜನಪ್ರಿಯ ಹಾಡುಗಳ ನಕಲಿಗೇ ಬೇಡಿಕೆ. ಈ ತಂಡ ಸ್ವಂತ ರಚನೆಗೆ ಅಂಟಿಕೊಂಡಿತು. ಇದರ ದೊಡ್ಡಸ್ತಿಕೆ ಇರುವುದು ಅಲ್ಲಿಯೇ, ಡೀಪ್ ಪರ್ಪಲ್‌ನಂಥ ತಂಡದ ಬೆಂಗಳೂರು ಕಾರ್ಯಕ್ರಮಕ್ಕೆ ಮೊದಲು ನುಡಿಸಿದ್ದರಲ್ಲಿ ಅಲ್ಲ. 2000ದಲ್ಲಿ ಬಂದ ಮೊದಲ ಆಲ್ಬಮ್‌ಗೆ ತಮ್ಮ ಜಾಲತಾಣದ ವಿಳಾಸವನ್ನೇ ಹೆಸರಿಟ್ಟರು. 'ಜುಪಿಟರ್ ಕೆಫೆ' (2002), 'ಪ್ಲಾನ್ ಬಿ' (2005), 'ದಿಸ್ ಈಸ್ ಇಟ್' (2008) ಅನಂತರದವು. 2012ರ 'ತ್ರೀ ವೀಲ್ಸ್ ನೈನ್ ಲೈವ್ಸ್' ಮೂರು ಡಿಸ್ಕ್‌ಗಳ ಸಾಹಸ. ಆಟೊರಿಕ್ಷಾದ ನಗರವೇ ಅದರ ವಸ್ತು, ಹೆಸರಿನಲ್ಲೂ ಮೂರು ಗಾಲಿಗಳಿವೆ. 'ಎ ವರ್ಲ್ಡ್ ಗಾನ್ ಮ್ಯಾಡ್' 2020ರಲ್ಲಿ ಹೊರಬಂತು.

ಮತದಾನಕ್ಕೆ ಯುವಜನರನ್ನು ಎಬ್ಬಿಸಲು 'ಶಟ್ ಅಪ್ ಅಂಡ್ ವೋಟ್' ಎಂಬ ಅಭಿಯಾನವನ್ನೂ ಇವರು ನಡೆಸಿದರು. ತಂಡದ ಸಂಗೀತ ಶಾಲೆ 'ತಾಕಾಡೆಮಿ' ಬೆಂಗಳೂರಿನಲ್ಲಿ ಗಿಟಾರ್, ಡ್ರಮ್ಸ್, ಗಾಯನ ಕಲಿಸುತ್ತದೆ.